ಸೊನ್ನೆ ಬರೆದ ರಿಜಿಸ್ಟರು

ನನಗೆ ಎಷ್ಟು ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆ ಶಾಲು ಈಗ ನಮ್ಮ ಮನೆಯ ಗ್ರೈಂಡರನ್ನು ಧೂಳಿನಿಂದ ಕಾಪಾಡುತ್ತಿದೆ. ನಾನು ಬರೆಯುತ್ತಿರುವುದು ಈಗಷ್ಟೇ ಟ್ರಾನ್ಸ್‌ಮಿಷನ್ ಕೋಣೆಗೆ ಕೆಲಸಕ್ಕೆ ಸೇರುತ್ತಿರುವ ಮಕ್ಕಳಿಗೆ. ನಿಮಗೆ ತರಬೇತಿಯಲ್ಲಿ ಎಲ್ಲವನ್ನೂ ಹೇಳಿಕೊಡುತ್ತಾರೆ. ತಪ್ಪು ಕೆಲಸ ಅಭ್ಯಾಸವಾಗಿಬಿಟ್ಟರೆ ಅದು ತಪ್ಪೆಂದೇ ಅನ್ನಿಸುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ, ಕೇಳಿ.

ನನ್ನ ಹೆಸರು ನಾಗರತ್ನ. ಹುಟ್ಟಿದ್ದು ಹೆಡತಲೆಯಲ್ಲಿ, ಮನೆ ನಂಜನಗೂಡಿನಲ್ಲಿ. ಮೊದಲು ನಂಜನಗೂಡಿನಲ್ಲೇ ಕೆಲಸ, ಆಮೇಲೆ ನಿವೃತ್ತಿಯವರೆಗೂ ಟಿ. ನರಸೀಪುರಕ್ಕೆ ದಿನಾ ಬಸ್ಸು. ಸಂಸ್ಥೆಯ ಹೆಸರು ಬೇಡ. ಫೋನ್ ಕೊಡಿಸುವವಳು ಎಂದು ನೆಂಟರು ನನ್ನನ್ನು ತಿಳಿದಿದ್ದರು, ಯಾರ ಮನೆಗೂ ನಾನು ಒಂದು ಫೋನೂ ಕೊಡಿಸಿಲ್ಲ. ಊರಿಂದ ಊರಿಗೆ ನೆಲದಡಿ ಹೋಗುವ ಗಾಜಿನ ಎಳೆಯಿದೆಯಲ್ಲ, ಅದರಲ್ಲಿ ಬೆಳಕಾಗಿ ಓಡುವ ಮಾತು, ಚಿತ್ರ, ಲೆಕ್ಕ ಎಲ್ಲವೂ ಕೆಡದೆ ತಲುಪುತ್ತಿದೆಯೇ ಎಂದು ಕಾಯುವುದು ನನ್ನ ಕೆಲಸ.

ಕೆಟ್ಟಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಚಿಕ್ಕಂದಿನಲ್ಲಿ ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು ಸರಿಯೋ ಬೆಸವೋ ಎಂದು ಆಡಿದ್ದೀರಲ್ಲ, ಅಷ್ಟೇ ವಿದ್ಯೆ. ಎಳೆಯಲ್ಲಿ ಓಡುವುದೆಲ್ಲ ಬರೀ ಸೊನ್ನೆ, ಒಂದುಗಳ ಸಾಲು. ಕಳಿಸುವ ಕಡೆಯ ಯಂತ್ರ ಸಾಲುಸಾಲಾಗಿ ಒಂದುಗಳನ್ನು ಎಣಿಸಿ, ಸರಿಯೋ ಬೆಸವೋ ಎಂಬ ಗುರುತನ್ನು ಜೊತೆಗೆ ಕಳಿಸುತ್ತದೆ. ಇಂಥ ಎಂಟು ಸಾಲು. ಈಚೆ ಕಡೆಯ ಯಂತ್ರ ತಾನೂ ಎಣಿಸಿ ಹೋಲಿಸುತ್ತದೆ. ತಾಳೆಯಾಗದಿದ್ದರೆ ಕೌಂಟರಿನಲ್ಲಿ ಒಂದು ಏರುತ್ತದೆ. ಇದಕ್ಕೆ ಪಾರಿಟಿ ಎನ್ನುತ್ತಾರೆ. ಎಲ್ಲಿ ಕೆಟ್ಟಿತು, ಹೇಗೆ ಕೆಟ್ಟಿತು ಎಂದು ಅದು ಹೇಳುವುದಿಲ್ಲ. ಕೆಟ್ಟಿದೆ ಎಂದಷ್ಟೇ ಹೇಳುತ್ತದೆ. ಹೇಳಿದ್ದನ್ನು ಕೇಳಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಕೆಲಸಕ್ಕೆ ಸೇರಿದ ವರ್ಷ ನಂಜನಗೂಡಿನಲ್ಲಿ ಒಂದು ಬೆಳಿಗ್ಗೆ ಕೌಂಟರು ಏರತೊಡಗಿತು. ಎಳೆಯ ತುದಿಗೆ ಧೂಳು ಕೂತಿರಬೇಕೆಂದು ಬಿಚ್ಚಿ, ಸೆರಗಿನಿಂದ ಚೆನ್ನಾಗಿ ಒರೆಸಿ ಮತ್ತೆ ಸಿಕ್ಕಿಸಿದೆ. ಕೌಂಟರು ನಾಗಾಲೋಟ ಹಿಡಿಯಿತು. ನನ್ನ ಹಿರಿಯ ಸಹೋದ್ಯೋಗಿ ಪುಟ್ಟಸ್ವಾಮಿಯವರು ಓಡಿ ಬಂದು ತಲೆ ಚಚ್ಚಿಕೊಂಡರು.

"ಅಲ್ಲಾ ಕಣಮ್ಮ, ಅದೇನು ನಿಮ್ ತಾತನ ಕನ್ನಡ್ಕಾನಾ? ಸೀರೆ ನೂಲೆಲ್ಲಾ ಮೆತ್ಕೊಂಡು ಕೂತದಲ್ಲ!"

ಅದಕ್ಕೆಂದೇ ಇರುವ ಬಟ್ಟೆಯಿಂದ ಅವರು ಶುಚಿ ಮಾಡಿದ ಮೇಲೆ ಎಲ್ಲ ನಿಂತಿತು. ನಾನು ಪ್ರಾಮಾಣಿಕಳು ನೋಡಿ, ಮರುದಿನ ಬೆಳಿಗ್ಗೆ ಎಂಟಕ್ಕೆ ರಿಜಿಸ್ಟರಿನಲ್ಲಿ ಆ ದೊಡ್ಡ ಸಂಖ್ಯೆಯನ್ನು ಹಾಗೇ ಬರೆದೆ. ಮೈಸೂರಿನ ಮೇಲಿನ ಕಚೇರಿಯಿಂದ ಫೋನ್ ಮೇಲೆ ಫೋನ್. ಕಾರಣ ಬರೆದು ಕಳಿಸಿ, ಮತ್ತೆ ಬರೆದು ಕಳಿಸಿ, ಇನ್ನೊಂದು ನಮೂನೆಯಲ್ಲಿ ಬರೆದು ಕಳಿಸಿ. ಒಂದು ವಾರ ಇದೇ ಗೋಳು. ಕೊನೆಗೆ ಪುಟ್ಟಸ್ವಾಮಿಯವರು ನನ್ನನ್ನು ಪರದೆಯ ಮುಂದೆ ಕೂರಿಸಿ ಉಪಾಯ ಹೇಳಿಕೊಟ್ಟರು.

"ನೋಡಮ್ಮ, ನಿಯಮ ಏನಂದ್ರೆ, ಮೊದ್ಲು ಓದು, ಆಮೇಲೆ ಬರಿ, ಆಮೇಲೆ ಅಳಿಸು. ನಾವ್ ಏನ್ ಮಾಡ್ತೀವಿ ಅಂದ್ರೆ, ಎಂಟಕ್ಕೆ ಅತ್ತು ನಿಮಿಷ ಇರೋವಾಗ್ಲೇ ಅಳಿಸ್ಬುಡೋದು. ಎಂಟಕ್ಕೆ ಓದಿದ್ರೆ ಸೊನ್ನೆ. ಸೊನ್ನೆ ಬರಿ. ಸುಳ್ಳು ಬರ್ದಂಗೂ ಆಗ್ಲಿಲ್ಲ, ಮೈಸೂರಿಂದ ಫೋನೂ ಬರಲ್ಲ."

ಪುಟ್ಟಸ್ವಾಮಿಯವರು ಕೆಟ್ಟವರಲ್ಲ. ಎಲ್ಲ ಕಡೆಯೂ ಹೀಗೇ ನಡೆಯುತ್ತಿತ್ತು. ಸೊನ್ನೆಯಿದ್ದ ಕಡೆಯವರನ್ನು ಮೇಲಿನವರು ಹೊಗಳುತ್ತಿದ್ದರು, ಒಂದು ಸಂಖ್ಯೆ ಬರೆದವರಿಗೆ ಉಗಿಯುತ್ತಿದ್ದರು. ಕೆಲವೇ ತಿಂಗಳಲ್ಲಿ ನನ್ನ ಬೆರಳೂ ಪಳಗಿತು. ಬೆಳಿಗ್ಗೆ ಬಂದು ಚೀಲ ಇಡುವುದು, ಕೂತುಕೊಳ್ಳುವುದು, ಅಳಿಸುವುದು. ಹಳೆಯ ಪೆಟ್ಟಿಗೆಗಳು ಹೋಗಿ ಹೊಸ ತರಹದ ಆಪ್ಟಿಕಲ್ ಜಾಲ ಬಂತು. ಪರೀಕ್ಷಾ ಯಂತ್ರವನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದ ಕಾಲ ಹೋಗಿ, ಕೂತಲ್ಲೇ ಹತ್ತು ಊರಿನ ಲೆಕ್ಕ ಕಾಣುವ ಪರದೆ ಬಂತು. ನಾನು ನರಸೀಪುರಕ್ಕೆ ಹೋದೆ. ಎಲ್ಲ ಬದಲಾದರೂ ಎಂಟಕ್ಕೆ ಹತ್ತು ನಿಮಿಷ ಇರುವಾಗ ಅಳಿಸುವ ಪದ್ಧತಿ ಬದಲಾಗಲಿಲ್ಲ.

ಈಗ ಸಿದ್ದರಾಜುವಿನ ವಿಷಯಕ್ಕೆ ಬರುತ್ತೇನೆ. ಕವಲಂದೆಯವನು, ಗುತ್ತಿಗೆಯ ಮೇಲೆ ಕೇಬಲ್ ಜಾಯಿಂಟ್ ಮಾಡುವವನು. ಕೂದಲಿನಷ್ಟು ಸಣ್ಣ ಎರಡು ಗಾಜಿನ ತುದಿಗಳನ್ನು ಎದುರುಬದುರು ಹಿಡಿದು, ಕಿಡಿ ಕೊಟ್ಟು ಬೆಸೆಯುವ ಕೆಲಸ. ಮಾತು ಕಡಿಮೆ, ಕೈ ಬಹಳ ಶುದ್ಧ. ಜಾಯಿಂಟ್ ಮಾಡುವ ದಿನ ಬೆಳಿಗ್ಗೆಯಿಂದ ಬೀಡಿ ಮುಟ್ಟುತ್ತಿರಲಿಲ್ಲ, ಬೆರಳು ನಡುಗುತ್ತದೆ ಎಂದು. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಮನೆಯಲ್ಲಿ ದುಡಿಯುವವನು ಅವನೊಬ್ಬನೇ.

ಆ ವರ್ಷ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವ ಜೆಸಿಬಿ ನಾಲೆಯ ಪಕ್ಕದಲ್ಲಿ ನಮ್ಮ ಕೇಬಲ್ಲನ್ನು ಕಿತ್ತು ಹಾಕಿತು. ನಂಜನಗೂಡಿನಿಂದ ನರಸೀಪುರಕ್ಕೆ ಬರುವ ದಾರಿಯಲ್ಲಿ, ಬಂದ ಬೆಳಕನ್ನು ಹಿಡಿದು ಮುಂದಕ್ಕೆ ಕಳಿಸುವ ಪೆಟ್ಟಿಗೆಯಿರುವ ನಮ್ಮದೊಂದು ನಡುಠಾಣೆ ಇತ್ತು. ಕಿತ್ತದ್ದು ನಡುಠಾಣೆಗೂ ನರಸೀಪುರಕ್ಕೂ ಮಧ್ಯೆ. ಸಿದ್ದರಾಜು ಬಿಸಿಲಲ್ಲಿ ಕೊಡೆ ಕಟ್ಟಿಕೊಂಡು ಜಾಯಿಂಟ್ ಮಾಡಿದ. ಎರಡು ವಾರಕ್ಕೆ ದೂರು ಶುರುವಾಯಿತು. ಮಧ್ಯಾಹ್ನದ ಹೊತ್ತು ತಾಲ್ಲೂಕಿನ ಸಾಹೇಬರುಗಳ ವಿಡಿಯೊ ಸಭೆಯಲ್ಲಿ ಮುಖಗಳು ಚೂರುಚೂರಾಗುತ್ತಿದ್ದವು, ಬ್ಯಾಂಕಿನಲ್ಲಿ ಗಣಕ ನಿಂತು ನಿಂತು ಹೋಗುತ್ತಿತ್ತು. ಜಾಯಿಂಟ್ ಆಗಿ ಎರಡೇ ವಾರ ಎಂದಮೇಲೆ ಯಾರ ತಲೆಯೂ ಬೇರೆ ಕಡೆ ಓಡಲಿಲ್ಲ. ಸಿದ್ದರಾಜುವಿನ ಕೈಯೇ ಕೆಟ್ಟದ್ದು ಎಂದು ಮೈಸೂರಿನಲ್ಲಿ ತೀರ್ಮಾನವಾಯಿತು.

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಂದು ಮಧ್ಯಾಹ್ನ ಊಟವಾದ ಮೇಲೆ, ಎಂದೂ ಆ ಹೊತ್ತಿನಲ್ಲಿ ತೆಗೆಯದ ಪುಟವನ್ನು ತೆಗೆದು ನೋಡಿದೆ. ಇಲ್ಲಿ ಸ್ವಲ್ಪ ಗಮನ ಕೊಡಿ. ನಮ್ಮಲ್ಲಿ ಪಾರಿಟಿ ಎಣಿಕೆ ಎರಡು ಬಗೆ. ಒಂದು ಸೆಕ್ಷನ್ ಕೌಂಟರು. ಅದು ಒಂದು ಠಾಣೆಯಿಂದ ಮುಂದಿನ ಠಾಣೆಯವರೆಗಿನ ತುಂಡನ್ನು ಮಾತ್ರ ಕಾಯುತ್ತದೆ, ಪ್ರತಿ ಠಾಣೆಯಲ್ಲೂ ಎಣಿಕೆ ಹೊಸದಾಗಿ ಶುರು. ಇನ್ನೊಂದು ಪಾತ್ ಕೌಂಟರು. ಅದರ ಗುರುತನ್ನು ನಂಜನಗೂಡಿನಲ್ಲಿ ಹಾಕಿದರೆ ನಡುವೆ ಯಾರೂ ಮುಟ್ಟುವುದಿಲ್ಲ, ನರಸೀಪುರದಲ್ಲೇ ಬಿಚ್ಚಿ ನೋಡುವುದು. ಅವತ್ತು ಎರಡೂ ತುಂಡುಗಳ ಸೆಕ್ಷನ್ ಕೌಂಟರು ಸೊನ್ನೆ. ಪಾತ್ ಕೌಂಟರು ಮಾತ್ರ ನನ್ನ ಕಣ್ಣೆದುರೇ ಏರುತ್ತಿತ್ತು.

ದಾರಿಯ ಎರಡು ತುಂಡೂ ಶುದ್ಧ, ಆದರೂ ಸರಕು ಕೆಟ್ಟು ಬರುತ್ತಿದೆ. ಹಾಗಾದರೆ ಕೆಡುತ್ತಿರುವುದು ದಾರಿಯಲ್ಲಲ್ಲ, ನಡುಠಾಣೆಯ ಪೆಟ್ಟಿಗೆಯ ಒಳಗೆ. ಒಳಬಂದ ಎಣಿಕೆ ಮುಗಿದು, ಹೊರಹೋಗುವ ಎಣಿಕೆ ಶುರುವಾಗುವ ಮುಂಚಿನ ಸಣ್ಣ ಜಾಗದಲ್ಲಿ ಯಾವುದೋ ಸರ್ಕಿಟ್ ಕಾರ್ಡು ಕೆಟ್ಟಿದೆ. ಅಲ್ಲಿನ ಎಸಿ ಕೆಟ್ಟು ತಿಂಗಳಾಗಿತ್ತು, ಮೇಲೆ ತಗಡಿನ ಮಾಡು. ಮಧ್ಯಾಹ್ನ ಕಾಯುತ್ತದೆ, ಕಾರ್ಡು ತಪ್ಪುತ್ತದೆ, ಸಂಜೆ ತಣ್ಣಗಾಗುತ್ತದೆ. ಸಿದ್ದರಾಜುವಿನ ಜಾಯಿಂಟಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ!

ನಾಳೆ ಬೆಳಿಗ್ಗೆ ಸಾಹೇಬರಿಗೆ ತೋರಿಸುತ್ತೇನೆ ಎಂದು ಖುಷಿಯಿಂದ ಬಸ್ಸು ಹತ್ತಿದೆ. ಒಂದು ಚೀಟಿಯಲ್ಲಾದರೂ ಬರೆದಿಟ್ಟೆನೇ? ಇಲ್ಲ. ಪೆಟ್ಟಿಗೆಯಲ್ಲಿ ಇರುತ್ತದಲ್ಲ ಎಂಬ ಧೈರ್ಯ. ಮರುದಿನ ಬೆಳಿಗ್ಗೆ ಬಂದೆ, ಚೀಲ ಇಟ್ಟೆ, ಕೂತೆ. ಬೆರಳು ತನ್ನ ಪಾಡಿಗೆ ತಾನು ಅಳಿಸುವ ಗುಂಡಿ ಒತ್ತಿತು.

ಒತ್ತಿದ ಮೇಲೆ ನೆನಪಾಯಿತು. ಆ ಗುಂಡಿ ಹಿಂದಿನ ದಿನದ ಲೆಕ್ಕವನ್ನೂ ಸೇರಿಸಿಯೇ ಅಳಿಸುತ್ತಿತ್ತು, ಮೈಸೂರಿನ ಗಣಕಕ್ಕೆ ನಮ್ಮ ಠಾಣೆ ಇನ್ನೂ ಜೋಡಣೆಯಾಗಿರದ ಕಾರಣ ಅಲ್ಲೂ ಅದರ ನಕಲು ಇರಲಿಲ್ಲ. ಪರದೆಯ ತುಂಬ ಸೊನ್ನೆ. ನನ್ನ ಕೈಯನ್ನೇ ಕತ್ತರಿಸಿ ಹಾಕಬೇಕು ಅನ್ನಿಸಿತು. ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಹನ್ನೊಂದಕ್ಕೆ ವಿಭಾಗದ ಅಧಿಕಾರಿ ಮಂಜುನಾಥ್ ಅವರ ಜೀಪು ಬಂತು. ಹಿಂದಿನ ಸೀಟಿನಲ್ಲಿ ಸಿದ್ದರಾಜು. ಮಂಜುನಾಥ್ ಚೆನ್ನಾಗಿ ಓದಿಕೊಂಡವರು, ಮೇಲಿನಿಂದ ಬೈಸಿಕೊಂಡು ಬಂದಿದ್ದರು, ಮುಖ ಗಂಟಿಕ್ಕಿಕೊಂಡಿತ್ತು. ಬಂದವರೇ ನನ್ನ ರಿಜಿಸ್ಟರು ಕೇಳಿದರು. ದೂರು ಶುರುವಾದಂದಿನಿಂದ ಹದಿನೈದು ದಿನದ ಪುಟಗಳನ್ನು ಒಂದೊಂದಾಗಿ ಮಗುಚಿದರು. ಸೆಕ್ಷನ್ ಸೊನ್ನೆ, ಪಾತ್ ಸೊನ್ನೆ, ಎಲ್ಲ ನನ್ನ ದುಂಡು ಅಕ್ಷರ.

"ನೋಡಿ ಮೇಡಂ, ಪೆಟ್ಟಿಗೆಗಳಲ್ಲಿ ದೋಷ ಇದ್ದಿದ್ದರೆ ಪಾತ್‌ನಲ್ಲಾದರೂ ಬರಬೇಕಿತ್ತು. ನಿಮ್ಮ ರಿಜಿಸ್ಟರ್ ಪ್ರಕಾರ ಅದೂ ಇಲ್ಲ. ಒಂದೇ ಸಾಲಿನಲ್ಲಿ ಎರಡು ತಪ್ಪು ಬಿದ್ದರೆ ಸರಿ-ಬೆಸ ಬದಲಾಗಲ್ಲ, ಪಾರಿಟಿ ಮೋಸ ಹೋಗುತ್ತೆ. ಕೆಟ್ಟ ಜಾಯಿಂಟ್ ಹಾಗೇ ಮಾಡ್ತಿದೆ" ಎಂದರು.

ಪಾರಿಟಿಗೆ ಆ ದೌರ್ಬಲ್ಯ ಇರುವುದು ನಿಜ. ಆದರೆ ಹದಿನೈದು ದಿನ ತಪ್ಪುಗಳು ತಪ್ಪದೆ ಜೋಡಿಜೋಡಿಯಾಗಿಯೇ ಬರಲು ಅವೇನು ಮದುವೆ ಮಾಡಿಕೊಂಡು ಬರುತ್ತವೆಯೇ? ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಯಾಕೆಂದರೆ ಅವರನ್ನು ತಪ್ಪುದಾರಿಗೆ ಎಳೆದದ್ದು ನನ್ನ ಸೊನ್ನೆಗಳು.

ಅವರು ಸಿದ್ದರಾಜುವಿನ ಮುಂದೆ ಒಂದು ಬಿಳಿ ಹಾಳೆ ಇಟ್ಟರು. "ಜಾಯಿಂಟ್ ನನ್ನ ನಿರ್ಲಕ್ಷ್ಯದಿಂದ ಕೆಟ್ಟಿದೆ ಅಂತ ಬರೆದುಕೊಡಪ್ಪ. ಮಧ್ಯಾಹ್ನ ಕತ್ತರಿಸಿ ಬೇರೆಯವರ ಕೈಲಿ ಹೊಸದಾಗಿ ಮಾಡಿಸ್ತೀವಿ."

"ಬರ್ಕೊಟ್ರೆ ಏನಾಯ್ತದೆ ಸಾ?"

"ಗುತ್ತಿಗೆ ಪಟ್ಟಿಯಿಂದ ಹೆಸರು ತೆಗೀತಾರೆ. ಬರೆದುಕೊಡದಿದ್ದರೂ ತೆಗೀತಾರೆ, ಜೊತೆಗೆ ವಿಚಾರಣೆನೂ ಆಗುತ್ತೆ."

"ನನ್ ಜಾಯಿಂಟು ಸರಿಯಾಗದೆ ಸಾ. ನನ್ ಮಕ್ಳಾಣೆಗೂ ಸರಿಯಾಗದೆ. ಮಿಶಿನ್ನಲ್ ನೋಡಿವ್ನಿ."

"ರಿಜಿಸ್ಟರ್ ಬೇರೆ ಹೇಳ್ತಿದೆಯಲ್ಲಪ್ಪ."

ಸಿದ್ದರಾಜು ನನ್ನ ಕಡೆ ನೋಡಿದ. ನಾನು ಪರದೆಯ ಕಡೆ ನೋಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ರಿಜಿಸ್ಟರು ಸುಳ್ಳೆಂದರೆ ನನ್ನ ಮೇಲೆ ಆರೋಪಪಟ್ಟಿ, ಪಿಂಚಣಿಗೆ ಕೊಕ್ಕೆ. ಸುಮ್ಮನಿದ್ದರೆ ಅವನ ಅನ್ನಕ್ಕೆ ಕಲ್ಲು. ಅಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಎಷ್ಟೋ ಹೊತ್ತು ನಾನು ಬಾಯಿ ಬಿಡಲಿಲ್ಲ. ಅವನು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೊದಲ ಸಾಲು ಬರೆದ. ಆಮೇಲೆ ತಲೆಯೆತ್ತಿ, "ನಿರ್ಲಕ್ಷ್ಯ ಅಂತ ಎಂಗೆ ಬರೆಯೋದು ಮೇಡಂ? ನಂಗೆ ಬರಲ್ಲ" ಎಂದು ನನ್ನನ್ನೇ ಕೇಳಿದ.

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. "ಬರೀಬೇಡ ಸಿದ್ದರಾಜು, ಪೆನ್ ಇಡು" ಎಂದೆ. ದನಿ ನನಗೇ ಗುರುತು ಸಿಗದಷ್ಟು ಜೋರಾಗಿತ್ತು. "ಸರ್, ಆ ರಿಜಿಸ್ಟರು ಸುಳ್ಳು."

ಮಂಜುನಾಥ್ ನಿಧಾನಕ್ಕೆ ಕನ್ನಡಕ ತೆಗೆದರು. "ಯಾವ ದಿನದ್ದು?"

"ಎಲ್ಲ ದಿನದ್ದೂ ಸರ್. ಓದೋ ಮುಂಚೆನೇ ಅಳಿಸಿಬಿಡ್ತೀನಿ. ನಾನು ಬಂದಾಗಿಂದ ಹಾಗೇ ಮಾಡ್ಕೊಂಡು ಬಂದಿದೀನಿ."

ಹಿಂದಿನ ಮಧ್ಯಾಹ್ನ ಕಂಡದ್ದನ್ನೂ ಬೆಳಿಗ್ಗೆ ಅಳಿಸಿದ್ದನ್ನೂ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಇವನನ್ನು ಉಳಿಸಲು ಕತೆ ಕಟ್ಟುತ್ತಿದ್ದೀರಾ ಎಂದು ನೇರವಾಗಿಯೇ ಕೇಳಿದರು. "ಮೂರು ಗಂಟೆವರೆಗೆ ಕೂತ್ಕೊಳ್ಳಿ ಸರ್. ಬಿಸಿಲೇರಿದ ಮೇಲೆ ಪಾತ್ ಕೌಂಟರು ತಾನೇ ಏರುತ್ತೆ. ಏರದಿದ್ದರೆ ಅವನ ಹಾಳೆ ಮೇಲೆ ನಾನೂ ಸಹಿ ಹಾಕ್ತೀನಿ" ಎಂದೆ. ಸಿಟ್ಟಿನ ಭರದಲ್ಲಿ ಅಂದುಬಿಟ್ಟೆ. ಅವರು ಗಡಿಯಾರ ನೋಡಿ, ಮೂರೂವರೆಗೆ ಕತ್ತರಿಸುವವರು ನಾಲೆಯ ಹತ್ತಿರ ಬರುತ್ತಾರೆ, ಅಲ್ಲಿಯವರೆಗೆ ಮಾತ್ರ ಎಂದರು.

ಮೂವರೂ ಪರದೆಯ ಮುಂದೆ ಕೂತೆವು. ಹನ್ನೆರಡು, ಒಂದು, ಎಲ್ಲ ಸೊನ್ನೆ. ಊಟಕ್ಕೆ ಯಾರೂ ಏಳಲಿಲ್ಲ. ಎರಡು ಗಂಟೆಯ ಹೊತ್ತಿಗೆ ನನ್ನ ಗ್ರಹಚಾರ ನೋಡಿ, ಮೋಡ ಕವಿಯಿತು. ಬೇಸಿಗೆ ಪೂರ್ತಿ ಒಂದು ಚೂರು ನೆರಳು ಕೊಡದ ಆಕಾಶ ಅವತ್ತೇ ತಣ್ಣಗಾಗಬೇಕೇ? ಹೊಳೆಯ ಕಡೆಯಿಂದ ಗಾಳಿ ಬೀಸಿತು. ಜನ ಹಾಯಾಯಿತು ಎಂದುಕೊಂಡು ಹೋಗುತ್ತಿದ್ದರು. ನನಗೆ ಆ ಗಾಳಿಗೆ ಬೈಯುವಷ್ಟು ಸಿಟ್ಟು. ನಡುಠಾಣೆಯ ಕಾವಲುಗಾರನಿಗೆ ಫೋನ್ ಮಾಡಿ ಅಲ್ಲಿ ಬಿಸಿಲಿದೆಯೇ ಎಂದು ಕೇಳಿದೆ. "ಇಲ್ಲೂ ಮೋಡ ಮೇಡಂ, ಚೆನ್ನಾಗದೆ" ಎಂದ ಪುಣ್ಯಾತ್ಮ.

ಎರಡೂಮುಕ್ಕಾಲು. ಸೊನ್ನೆ. ಮೂರು. ಸೊನ್ನೆ. ಸೆಕೆಂಡಿಗೊಮ್ಮೆ ಪರದೆ ಮಿಟುಕಿದಾಗಲೆಲ್ಲ ಮುಂದಕ್ಕೆ ಬಾಗಿ ನೋಡುತ್ತಿದ್ದೆ. ಬಹುಶಃ ನಿನ್ನೆ ನಾನೇ ತಪ್ಪು ಪುಟ ನೋಡಿದೆನೇನೋ ಎಂಬ ಅನುಮಾನ ಬಂತು. ಬೇರೆ ದಿಕ್ಕಿನ ಲೆಕ್ಕವನ್ನು ಈ ದಿಕ್ಕಿನದೆಂದು ಓದಿದೆನೇ? ನನ್ನ ಕಣ್ಣನ್ನೇ ನಾನು ನಂಬದ ಸ್ಥಿತಿ. ಮೂರೂ ಹತ್ತಕ್ಕೆ ಮಂಜುನಾಥ್ ಎದ್ದು ಜೀಪಿನ ಕೀಲಿ ತೆಗೆದುಕೊಂಡರು.

ಸಿದ್ದರಾಜು ಮೆಲ್ಲಗೆ, "ಬುಡಿ ಮೇಡಂ. ನಿಮ್ ಪಿಂಚಣಿ ಯಾಕ್ ಆಳಾಗ್ಬೇಕು? ನೀವು ಸೈನ್ ಆಕ್ಬೇಡಿ. ನಾನೇ ಬರ್ಕೊಟ್ಬುಡ್ತೀನಿ" ಎಂದ.

"ಸುಮ್ನಿರೋ!" ಎಂದು ಗದರಿಸಿದೆ. ಅಳು ಬರುತ್ತಿತ್ತು.

ಮೋಡ ಸರಿದು ಕಿಟಕಿಯಿಂದ ಬಿಸಿಲು ಬಿತ್ತು. ಬಿದ್ದೊಡನೆ ಏನೂ ಆಗಲಿಲ್ಲ. ಮಂಜುನಾಥ್ ಫೋನಿನಲ್ಲಿ ಕತ್ತರಿಸುವವರಿಗೆ ದಾರಿ ಹೇಳುತ್ತ ಬಾಗಿಲ ಹತ್ತಿರ ನಿಂತಿದ್ದರು. ಮೂರೂ ಇಪ್ಪತ್ತೈದಕ್ಕೆ ಪಾತ್ ಕೌಂಟರಿನಲ್ಲಿ ಒಂದು ಬಂತು. ಆ ಎಣಿಕೆ ನಾಲ್ಕಾಯಿತು. ಹತ್ತೊಂಬತ್ತಾಯಿತು. ಆಮೇಲೆ ಓದಲಾಗದಷ್ಟು ವೇಗ.

"ಸರ್, ಬನ್ನಿ" ಎಂದೆ. ಅವರು ಫೋನ್ ಕಿವಿಯಲ್ಲಿಟ್ಟುಕೊಂಡೇ ಬಂದು ಬಗ್ಗಿ ನೋಡಿದರು. ತಾವೇ ಸೆಕ್ಷನ್ ಪುಟ ತೆಗೆದರು. ನಂಜನಗೂಡಿನಿಂದ ನಡುಠಾಣೆಗೆ ಸೊನ್ನೆ. ನಡುಠಾಣೆಯಿಂದ ನರಸೀಪುರಕ್ಕೆ, ಸಿದ್ದರಾಜುವಿನ ಜಾಯಿಂಟ್ ಇರುವ ತುಂಡಿಗೆ, ಸೊನ್ನೆ. ಮತ್ತೆ ಪಾತ್ ಪುಟ. ಮತ್ತೆ ಸೆಕ್ಷನ್. ಮೂರು ಸಲ ನೋಡಿದರು. ಆಮೇಲೆ ಫೋನಿನಲ್ಲಿ, "ಕತ್ತರಿಸಬೇಡಿ, ಯಾರೂ ಏನೂ ಮುಟ್ಟಬೇಡಿ" ಎಂದರು. ಸ್ವತಃ ಜೀಪು ಓಡಿಸಿಕೊಂಡು ನಡುಠಾಣೆಗೆ ಹೋಗಿ, ಲೈನನ್ನು ಪಕ್ಕದಲ್ಲಿ ಖಾಲಿಯಿದ್ದ ಇನ್ನೊಂದು ಕಾರ್ಡಿಗೆ ಬದಲಾಯಿಸಿದರು. ಐದಕ್ಕೆ ಮುಂಚೆಯೇ ಎಣಿಕೆ ನಿಂತಿತು.

ನನಗೆ ಲಿಖಿತ ಎಚ್ಚರಿಕೆ ಬಂತು, ಒಂದು ವಾರ್ಷಿಕ ವೇತನ ಬಡ್ತಿ ಹೋಯಿತು. ಹೋಗಲಿ. ಪಿಂಚಣಿ ಉಳಿಯಿತು. ಮಂಜುನಾಥ್ ಅವರೇ ಎಲ್ಲ ಠಾಣೆಗೂ ಸುತ್ತೋಲೆ ಕಳಿಸಿದರು, ಓದಿದ ಮೇಲೆಯೇ ಅಳಿಸತಕ್ಕದ್ದು, ಸಂಖ್ಯೆ ಬರೆದವರಿಗೆ ಯಾರೂ ಕಾರಣ ಕೇಳಿ ಪೀಡಿಸತಕ್ಕದ್ದಲ್ಲ ಎಂದು. ಅವರ ಮೇಲಿನ ಸಿಟ್ಟು ಅವತ್ತಿಗೆ ಇಳಿಯಿತು.

ಆದರೆ ಎಣಿಕೆ ನಿಂತ ಅದೇ ಸಂಜೆ, ನಾವಿಬ್ಬರೇ ಟೀ ಕುಡಿಯುತ್ತ ನಿಂತಿದ್ದಾಗ ಸಿದ್ದರಾಜು ನನಗೆ ಕೈಮುಗಿಯುತ್ತಾನೆ ಎಂದುಕೊಂಡಿದ್ದೆ. ಅವನು ಲೋಟದೊಳಗೆ ನೋಡುತ್ತ ಬೇರೆಯೇ ಕೇಳಿದ.

"ಮೇಡಂ, ಸೋಸಲೆ ರಾಚಯ್ಯಣ್ಣನ್ನ ತೆಗೆದ್ರಲ್ಲ, ನಂಗಿಂತ ಮೊದ್ಲು ಜಾಯಿಂಟ್ ಮಾಡ್ತಿದ್ದೋರು. ಆಗ್ಲೂ ಇದೇ ರಿಜಿಸ್ಟರೇನಾ ತೋರ್ಸಿದ್ದು?"

ರಾಚಯ್ಯನನ್ನು ತೆಗೆದು ನಾಲ್ಕು ವರ್ಷವಾಗಿತ್ತು. ಇಂಥದೇ ದೂರು, ಇಂಥದೇ ಸೊನ್ನೆಗಳು. ಅಂದಿನ ಅಧಿಕಾರಿ ರಿಜಿಸ್ಟರು ಕೇಳಿದಾಗ ನಾನು ಎರಡು ಕೈಯಲ್ಲೂ ಎತ್ತಿ ಕೊಟ್ಟಿದ್ದೆ. "ಹೌದು ಕಣೋ" ಎಂದೆ.

ಭಾನುವಾರ ಸೋಸಲೆಯ ಬಸ್ಸು ಹತ್ತಿದೆ. ರಾಚಯ್ಯ ಮನೆಯ ಮುಂದೆ ಯಾರದೋ ಪಂಪಿನ ಸ್ಟಾರ್ಟರು ಬಿಚ್ಚಿಕೊಂಡು ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ನಿಂತೇ ಎಲ್ಲ ಹೇಳಿದೆ. "ನಿಮ್ಮ ಜಾಯಿಂಟ್ ಸರಿ ಇತ್ತು ಅಂತ ಈಗ ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ ರಾಚಯ್ಯ. ಲೆಕ್ಕ ನಾನೇ ಅಳಿಸಿದ್ದೆ. ಆದರೆ ತಪ್ಪಿತ್ತು ಅಂತ ಹೇಳೋಕೂ ಯಾರಿಗೂ ಆಧಾರ ಇರಲಿಲ್ಲ. ನನ್ನದು ತಪ್ಪಾಯ್ತು."

ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಸ್ಕ್ರೂಡ್ರೈವರು ಕೆಳಗಿಟ್ಟು ಕೈ ಒರೆಸಿಕೊಂಡ.

"ನನ್ ಜಾಯಿಂಟು ಸರಿಯಾಗಿತ್ತು ಅಂತ ನಂಗೊತ್ತು ಮೇಡಂ. ನಂಗೆ ಯೇಳ್ಬೇಡಿ. ಒಳೀಕ್ ಬಂದು ಇದನ್ನೇ ನಮ್ ಮನೆಯೋಳ್ ಮುಂದೆ ಒಂದ್ಸಲ ಯೇಳ್ಬುಡಿ."

ಒಳಗೆ ಅವನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ನಾನು ಮೊದಲಿನಿಂದ ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ಗಂಡನನ್ನೇ ನೋಡುತ್ತಿದ್ದಳು.

"ಅಯ್ಯೋ ಶಿವನೇ, ನಾನೂ ನಿಮ್ನ ಕೆಲ್ಸಗೇಡಿ ಅಂದ್ಬುಟ್ನಲ್ಲ" ಎಂದಳು.